‘ಮೌಂಟ್’ ಅಂದರೆ ‘ಆರೋಹಿಸು’ ಅನ್ನಲೇಬೇಕಾ? ‘ಕೂರಿಸು’ ಆಗಬಹುದಾ?

ಗೆಳೆಯರೇ, ನಮಸ್ಕಾರ.

ಕಂಪ್ಯೂಟರಿನ ಎರಡು ಪದಗಳ ಬಗ್ಗೆ ಕೇಳಬೇಕಿತ್ತು, ‘ಮೌಂಟ್’ ಮತ್ತು ‘ಶೇರ್’. ಮೊದಲನೆಯದಕ್ಕೆ ನನಗೇ ಒಂದು ಉತ್ತರ ಹೊಳೆದಿದೆ. ಅದು ಸರಿಯೋ ತಪ್ಪೋ ನೀವು ಹೇಳಬೇಕು. ಎರಡನೆಯದು ಎಷ್ಟು ದಿನ ಯೋಚಿಸಿದರೂ ಬಗೆಹರಿದಿಲ್ಲ.

ನಮ್ಮೂರಿನ ಹೈಸ್ಕೂಲಿನಲ್ಲಿ ಎಂಟು ಹಳೆಯ ಕಂಪ್ಯೂಟರುಗಳಿವೆ. ಎಲ್ಲದರಲ್ಲೂ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಕಾರ್ಯಾಚರಣ ವ್ಯವಸ್ಥೆ. ಹೋದ ವರ್ಷ ಇನ್ನೊಂದು ಯಂತ್ರ ಸಿಕ್ಕಿತು. ಅದನ್ನೇ ಸರ್ವರ್ ಮಾಡಿದೆವು. ಪಾಠದ ಪಿಡಿಎಫ್‌ಗಳು, ಮಕ್ಕಳ ಪ್ರಬಂಧ, ಅವರು ಬಿಡಿಸಿದ ಚಿತ್ರ ಎಲ್ಲವೂ ಅದೊಂದರಲ್ಲೇ ಇರುತ್ತವೆ. ಯಾವ ಕಂಪ್ಯೂಟರಿನ ಮುಂದೆ ಕೂತರೂ ‘ಪಾಠಗಳು’ ಅನ್ನುವ ಅದೇ ಫೋಲ್ಡರ್ ಕಾಣುತ್ತದೆ. ಇದಕ್ಕೆ ಬಳಸಿದ್ದು ಎನ್‌ಎಫ್‌ಎಸ್, ಅಂದರೆ ಒಂದು ಯಂತ್ರದ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ಬೇರೆ ಯಂತ್ರಗಳಲ್ಲಿ ಕಾಣಿಸುವ ವ್ಯವಸ್ಥೆ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ರೂಪಿಸಿದ ಪದ್ಧತಿ ಇದು. ಇಷ್ಟು ಹಳೆಯದಾದರೂ ಈಗಲೂ ಚೆನ್ನಾಗಿ ಕೆಲಸ ಮಾಡುತ್ತದೆ.

ಈಗ ಅದಕ್ಕೊಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ನಾನು ಊರಲ್ಲಿ ಇಲ್ಲದಾಗ ಮೇಷ್ಟ್ರೋ ಹತ್ತನೇ ಕ್ಲಾಸಿನ ಮಕ್ಕಳೋ ಓದಿಕೊಂಡು ಸರಿಮಾಡುವಂತಿರಬೇಕು. ಸರ್ವರ್ ಕಡೆಯ ಕೆಲಸ ಬರೆಯುವುದು ಕಷ್ಟವಾಗಲಿಲ್ಲ. ‘ಎಕ್ಸ್‌ಪೋರ್ಟ್ಸ್’ ಅನ್ನುವ ಕಡತದಲ್ಲಿ ಒಂದೇ ಸಾಲು. ಯಾವ ಫೋಲ್ಡರ್, ಯಾವ ಯಂತ್ರಗಳಿಗೆ, ಬರೀ ಓದುವುದಕ್ಕೋ ಬರೆಯುವುದಕ್ಕೂ ಸೇರಿಯೋ, ಇಷ್ಟೇ. ಆದರೆ ಯಂತ್ರದ ವಿಳಾಸಕ್ಕೂ ಅದರ ಪಕ್ಕದ ಕಂಸಕ್ಕೂ ನಡುವೆ ಜಾಗ ಬಿಡಬಾರದು. ಬಿಟ್ಟರೆ ಕಂಸದೊಳಗಿನ ಅಪ್ಪಣೆ ಆ ಯಂತ್ರಕ್ಕೆ ಸಿಗುವುದಿಲ್ಲ, ಬೇರೆ ಎಲ್ಲರಿಗೂ ಸಿಕ್ಕಿಬಿಡುತ್ತದೆ! ಪದ ಬಿಡಿಸಿ ಬರೆಯುವುದೋ ಸೇರಿಸಿ ಬರೆಯುವುದೋ ಎಂದು ಇಲ್ಲಿ ಎಷ್ಟೋ ಸಲ ಚರ್ಚೆ ಮಾಡಿದ್ದೇವೆ. ಅದಕ್ಕೇ ಇದನ್ನೂ ಹೇಳಬೇಕು ಅನ್ನಿಸಿತು.

ನಾನು ಸಿಕ್ಕಿಕೊಂಡದ್ದು ಈಚೆ ಕಡೆಯ ಕೆಲಸ ಬರೆಯುವಾಗ. ಮಕ್ಕಳ ಕಂಪ್ಯೂಟರಿನಲ್ಲಿ ಮೊದಲು ಒಂದು ಖಾಲಿ ಫೋಲ್ಡರ್ ಮಾಡಬೇಕು. ಆಮೇಲೆ ‘ಮೌಂಟ್’ ಅನ್ನುವ ಆದೇಶ ಕೊಟ್ಟರೆ ಸರ್ವರಿನ ಫೋಲ್ಡರ್ ಬಂದು ಆ ಖಾಲಿ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಈ ಮೌಂಟ್‌ಗೆ ಕನ್ನಡ ಏನು?

ಹಿಂದೊಮ್ಮೆ ಕಂಪ್ಯೂಟರಿನ ಮೆನುವನ್ನು ಕನ್ನಡಕ್ಕೆ ಬದಲಿಸಿದಾಗ ‘ಆರೋಹಿಸು’ ಎಂದು ನೋಡಿದ ನೆನಪಿದೆ. ಅನುವಾದ ಮಾಡಿದವರ ಬಗ್ಗೆ ನನಗೆ ತುಂಬ ಗೌರವ ಇದೆ. ಸಾವಿರಾರು ಸಾಲುಗಳನ್ನು ಹಿಂದೆಮುಂದೆ ಏನೂ ಗೊತ್ತಿಲ್ಲದೆ ಕನ್ನಡಕ್ಕೆ ತರುವುದು ಸುಲಭವಲ್ಲ. ಆದರೂ ಈ ಪದ ನನಗೆ ಒಪ್ಪಿಗೆಯಾಗುತ್ತಿಲ್ಲ. ಆರೋಹಣ ಅಂದ ಕೂಡಲೇ ಮಕ್ಕಳಿಗೆ ನೆನಪಾಗುವುದು ಧ್ವಜಾರೋಹಣ, ಪರ್ವತಾರೋಹಣ, ಸಂಗೀತದ ಆರೋಹಣ ಅವರೋಹಣ. ಮೂರರಲ್ಲೂ ಏನೋ ಒಂದು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಇಲ್ಲಿ ಯಾವುದೂ ಮೇಲೆ ಹತ್ತುವುದಿಲ್ಲ.

ಇಂಗ್ಲಿಷಿನ ಆ ಪದಕ್ಕೆ ಎರಡು ಅರ್ಥ ಇದೆ ಅಲ್ವಾ? ಒಂದು ಹತ್ತುವುದು. ಇನ್ನೊಂದು, ಒಂದು ವಸ್ತುವನ್ನು ಅದರ ಜಾಗದಲ್ಲಿ ಭದ್ರವಾಗಿ ನಿಲ್ಲಿಸುವುದು. ಕಂಪ್ಯೂಟರಿಗೆ ಬಂದದ್ದು ಎರಡನೆಯ ಅರ್ಥ. ಹಿಂದೆ ದೊಡ್ಡ ಕಂಪ್ಯೂಟರುಗಳ ಕೋಣೆಯಲ್ಲಿ ಟೇಪಿನ ಸುರುಳಿಯನ್ನೋ ಡಿಸ್ಕಿನ ಕಟ್ಟನ್ನೋ ಆಪರೇಟರ್ ಕೈಯಲ್ಲಿ ಎತ್ತಿ ತಂದು ಯಂತ್ರದ ಮೇಲೆ ಕೂರಿಸುತ್ತಿದ್ದರು. ಅದು ಮೌಂಟ್. ಲಿನಕ್ಸ್‌ಗೆ ಮಾದರಿಯಾದ ಯೂನಿಕ್ಸ್ ಅನ್ನುವ ವ್ಯವಸ್ಥೆಗೆ 1971ರ ನವೆಂಬರಿನಲ್ಲಿ ಬಂದ ಮೊದಲ ಕೈಪಿಡಿಯಲ್ಲೇ ಈ ಆದೇಶ ಇದೆ. ಟೇಪು, ಡಿಸ್ಕಿನ ಕಟ್ಟು ಎಲ್ಲ ಹೋದವು. ಪದ ಮಾತ್ರ ಉಳಿಯಿತು. ಪಕ್ಕದ ಕೋಣೆಯ ಯಂತ್ರದಲ್ಲಿರುವ ಫೋಲ್ಡರಿಗೂ ಈಗ ಅದೇ ಪದ.

ಸರಿ, ಕನ್ನಡದಲ್ಲಿ ಏನೇನು ಇದೆ ಎಂದು ಹುಡುಕುತ್ತಾ ಹೋದೆ.

‘ಏರಿಸು’ ಆಗುವುದಿಲ್ಲ. ನೆಟ್‌ಗೆ ಕಡತ ಹಾಕುವುದಕ್ಕೆ ಏರಿಸು ಎಂದೂ ಅಲ್ಲಿಂದ ತರುವುದಕ್ಕೆ ಇಳಿಸಿಕೊಳ್ಳು ಎಂದೂ ಈಗಾಗಲೇ ಬಳಸುತ್ತಾರೆ. ‘ಜೋಡಿಸು’ ತೀರಾ ಅಗಲವಾಯಿತು. ವಯರ್ ಜೋಡಿಸಿದ್ದೇವೆ, ನೆಟ್‌ವರ್ಕ್ ಬಂದಿದೆ, ಆದರೆ ಫೋಲ್ಡರ್ ಇನ್ನೂ ಮೌಂಟ್ ಆಗಿಲ್ಲ ಎಂದು ಹೇಳಬೇಕಾದ ಸಂದರ್ಭ ದಿನಾ ಬರುತ್ತದೆ. ಎರಡಕ್ಕೂ ಜೋಡಿಸು ಅಂದರೆ ಗೊಂದಲ. ‘ಹೂಡು’ ನನಗೆ ಇಷ್ಟವಾಗಿತ್ತು. ಬೆಳಿಗ್ಗೆ ಎತ್ತು ಹೂಡುತ್ತೇವೆ, ಸಂಜೆ ಬಿಚ್ಚುತ್ತೇವೆ. ಮೌಂಟ್ ಕೂಡ ಹಾಗೇ, ಬೇಕಾದಾಗ ಹೂಡಿ ಬೇಡವಾದಾಗ ಬಿಚ್ಚುವಂಥದ್ದು. ಆದರೆ ಇವತ್ತಿನ ಮಕ್ಕಳಿಗೆ ಹೂಡು ಅಂದರೆ ಹೂಡಿಕೆ, ಅಂದರೆ ದುಡ್ಡು.

‘ಕಸಿ ಕಟ್ಟು’ ಬಿಡಲು ಮನಸ್ಸೇ ಬರಲಿಲ್ಲ. ಲಿನಕ್ಸ್‌ನಲ್ಲಿ ಫೋಲ್ಡರುಗಳೆಲ್ಲ ಒಂದೇ ಬೇರಿನಿಂದ ಹೊರಟ ಒಂದೇ ಮರ. ಬೇರೆ ಮರದ ಕೊಂಬೆಯೊಂದನ್ನು ತಂದು ಇದರ ಒಂದು ಗೆಣ್ಣಿಗೆ ಕಟ್ಟುವುದೇ ಮೌಂಟ್. ಮಾವಿನ ಕಸಿ ನೋಡಿದ ಯಾರಿಗಾದರೂ ತಕ್ಷಣ ಅರ್ಥವಾಗುತ್ತದೆ. ಆದರೆ ಕಸಿ ಒಮ್ಮೆ ಹಿಡಿದರೆ ಮತ್ತೆ ಬಿಚ್ಚಲು ಬರುವುದಿಲ್ಲ. ಇದಕ್ಕಿಂತ ಮುಖ್ಯವಾದ ಒಂದು ಗುಣವನ್ನೂ ಅದು ಹೇಳುವುದಿಲ್ಲ. ಆ ಗುಣ ನನಗೆ ಗೊತ್ತಾದದ್ದು ಹೀಗೆ.

ಒಂದು ದಿನ ಬೆಳಿಗ್ಗೆ ಕರೆಂಟ್ ಹೋಗಿ ಬಂತು. ಸರ್ವರ್ ನಿಧಾನವಾಗಿ ಎದ್ದಿತು. ಅಷ್ಟರಲ್ಲಿ ಮೂರು ಕಂಪ್ಯೂಟರುಗಳು ಅದಕ್ಕಿಂತ ಮೊದಲೇ ಶುರುವಾಗಿಬಿಟ್ಟಿದ್ದವು. ಸರ್ವರ್ ಸಿಗದಿದ್ದರೆ ಕಾಯದೆ ಮುಂದೆ ಹೋಗು ಎಂದು ನಾನೇ ಬರೆದಿಟ್ಟಿದ್ದೆ. ಹಾಗಾಗಿ ಆ ಮೂರರಲ್ಲಿ ‘ಪಾಠಗಳು’ ಬರೀ ಖಾಲಿ ಫೋಲ್ಡರ್. ಮಕ್ಕಳಿಗೆ ಅದು ಗೊತ್ತಾಗುವುದು ಹೇಗೆ? ಒಂದು ಪೀರಿಯಡ್ ಪೂರ್ತಿ ಪ್ರಬಂಧ ಬರೆದು ಅದರಲ್ಲೇ ಉಳಿಸಿದರು. ಮಧ್ಯಾಹ್ನ ನಾನು ಹೋಗಿ ಮೌಂಟ್ ಮಾಡಿದೆ. ಸರ್ವರಿನ ಫೋಲ್ಡರ್ ಬಂತು, ಪ್ರಬಂಧಗಳು ಮಾಯವಾದವು. ಒಬ್ಬ ಹುಡುಗಿ ಅಳುವುದಕ್ಕೇ ಶುರುಮಾಡಿದಳು. ನನಗೂ ಕೈಕಾಲು ಆಡಲಿಲ್ಲ. ಮೌಂಟ್ ತೆಗೆದು ನೋಡಿದರೆ ಪ್ರಬಂಧಗಳು ಇದ್ದಲ್ಲೇ ಇದ್ದವು! ಹೊಸ ಫೋಲ್ಡರ್ ಮೇಲೆ ಬಂದು ಕೂತಿದ್ದರಿಂದ ಅಡಿಯಲ್ಲಿದ್ದದ್ದು ಕಾಣಲಿಲ್ಲ, ಅಷ್ಟೆ.

ಆ ಹುಡುಗಿಗೆ ಸಮಾಧಾನ ಮಾಡುವಾಗ ನನ್ನ ಬಾಯಿಂದ ತಾನಾಗಿ ಬಂದ ಮಾತು ಇದು: “ಮಣೆ ಮೇಲೆ ನೀನು ಕಾಗದ ಇಟ್ಟಿದ್ದೆ ಕಣಮ್ಮ. ಅದರ ಮೇಲೆ ಬೇರೆಯವರು ಬಂದು ಕೂತರು. ಅವರು ಎದ್ದರೆ ನಿನ್ನ ಕಾಗದ ಅಲ್ಲೇ ಇರುತ್ತೆ.” ಅವಳಿಗೆ ಅರ್ಥವಾಯಿತು. ನನಗೂ ಪದ ಸಿಕ್ಕಿತು.

‘ಕೂರಿಸು’. ಫೋಲ್ಡರನ್ನು ಕೂರಿಸುವ ಜಾಗ ‘ಮಣೆ’.

ಯೋಚಿಸಿದಷ್ಟೂ ಇದು ಹೊಂದುತ್ತಾ ಹೋಯಿತು. ಉಂಗುರಕ್ಕೆ ಹರಳು ಕೂರಿಸುತ್ತೇವೆ. ಕಿಟಕಿಗೆ ಗಾಜು ಕೂರಿಸುತ್ತೇವೆ. ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿಲ್ಲ ಅನ್ನುತ್ತೇವೆ. ಚೌತಿಗೆ ಗಣಪತಿ ಕೂರಿಸುತ್ತೇವೆ, ದಸರೆಗೆ ಬೊಂಬೆ ಕೂರಿಸುತ್ತೇವೆ. ಎಲ್ಲ ಕಡೆಯೂ ಜಾಗ ಮೊದಲೇ ಸಿದ್ಧವಾಗಿರಬೇಕು, ಬರುವುದು ಹೊರಗಿನಿಂದ ಬರಬೇಕು, ಬಂದದ್ದು ಆ ಜಾಗವನ್ನು ತುಂಬಬೇಕು. ಮೌಂಟ್ ಆಗಬೇಕಾದರೂ ಇಷ್ಟೇ ಬೇಕು. ಮಣೆ ಇಲ್ಲದೆ ಆದೇಶ ಕೊಟ್ಟರೆ ಲಿನಕ್ಸ್ ತಕರಾರು ಮಾಡುತ್ತದೆ.

ವ್ಯಾಕರಣದಲ್ಲೂ ಅನುಕೂಲ ಇದೆ. ಕೂರು, ಕೂರಿಸು ಎರಡೂ ನಮ್ಮ ಬಾಯಲ್ಲಿ ಇವೆ. ‘ಪಾಠಗಳು ಕೂತಿದೆಯಾ ನೋಡು’, ‘ಇನ್ನೂ ಕೂತಿಲ್ಲ ಸಾರ್’, ‘ಹಾಗಾದ್ರೆ ಕೂರಿಸು’. ಇದನ್ನೇ ಇನ್ನೊಂದು ಪದದಲ್ಲಿ ‘ಆರೋಹಿತವಾಗಿದೆಯೇ ಪರಿಶೀಲಿಸಿ’ ಎಂದು ಬರೆದರೆ ಯಾವ ಮಗು ಹಾಗೆ ಮಾತಾಡುತ್ತದೆ? ಕೈಪಿಡಿಯಲ್ಲಿ ಎಚ್ಚರಿಕೆಯ ಮಾತನ್ನೂ ಇದರಲ್ಲೇ ಬರೆದಿದ್ದೇನೆ: ಖಾಲಿ ಮಣೆಗೆ ಬರೆಯುವ ಅಪ್ಪಣೆ ಕೊಡಬೇಡಿ. ಅಪ್ಪಣೆ ಕೊಡದಿದ್ದರೆ, ಫೋಲ್ಡರ್ ಕೂರದಿದ್ದಾಗ ಮಕ್ಕಳು ಅಲ್ಲಿ ಏನೂ ಉಳಿಸಲು ಆಗುವುದಿಲ್ಲ, ತಪ್ಪು ಕೂಡಲೇ ಗೊತ್ತಾಗುತ್ತದೆ. ಈಗ ನಮ್ಮ ಎಂಟೂ ಯಂತ್ರದಲ್ಲಿ ಹಾಗೇ ಮಾಡಿದ್ದೇವೆ.

ಉತ್ತರ ಕರ್ನಾಟಕದ ಗೆಳೆಯರನ್ನು ಇಲ್ಲಿ ಒಂದು ಕೇಳಬೇಕು. ನಿಮ್ಮ ಕಡೆ ಗಣಪತಿ ‘ಕೂಡ್ರಿಸು’, ‘ಕುಂದ್ರಿಸು’ ಅನ್ನುತ್ತೀರಿ ಅಲ್ವಾ? ‘ಕೂಡಿಸು’ ಎಂದೂ ಕೇಳಿದ್ದೇನೆ. ನಮ್ಮಲ್ಲಿ ಕೂಡಿಸು ಅಂದರೆ ಸೇರಿಸು. ಕೂರಿಸುವುದು, ಸೇರಿಸುವುದು ಎರಡೂ ಅರ್ಥ ಒಂದೇ ಪದದಲ್ಲಿ ಇರುವುದಾದರೆ ಮೌಂಟ್‌ಗೆ ಅದು ಇನ್ನೂ ಚೆನ್ನಾಗಿ ಹೊಂದಬಹುದು. ಆದರೆ ಶಾಲೆಯಲ್ಲಿ ಕೂಡಿಸು ಅಂದರೆ ಲೆಕ್ಕ ಅಂದುಕೊಳ್ಳುತ್ತಾರೇನೋ. ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ ಹೇಳಿ.

ತೆಗೆಯುವುದಕ್ಕೆ ಏನನ್ನಬೇಕು ಅನ್ನುವುದರಲ್ಲಿ ಸ್ವಲ್ಪ ಅನುಮಾನ ಇದೆ. ಗಣಪತಿಯನ್ನು ‘ಬಿಡುತ್ತೇವೆ’, ಹರಳನ್ನು ‘ತೆಗೆಯುತ್ತೇವೆ’. ನಾನು ಸದ್ಯಕ್ಕೆ ‘ಎಬ್ಬಿಸು’ ಎಂದು ಬರೆದಿದ್ದೇನೆ. ಅದಕ್ಕೆ ಕಾರಣ ಒಂದು ದೋಷದ ಸಂದೇಶ. ಯಾರಾದರೂ ಆ ಫೋಲ್ಡರಿನ ಕಡತ ತೆರೆದಿಟ್ಟಿದ್ದರೆ ಮೌಂಟ್ ತೆಗೆಯಲು ಲಿನಕ್ಸ್ ಒಪ್ಪುವುದಿಲ್ಲ, ‘ಬಿಜಿ’ ಇದೆ ಅನ್ನುತ್ತದೆ. ಇದಕ್ಕೆ ‘ಕಾರ್ಯನಿರತವಾಗಿದೆ’ ಎಂದು ಬರೆದರೆ ಏನು ಮಾಡಬೇಕೆಂದು ಯಾರಿಗೂ ತಿಳಿಯದು. ‘ಒಳಗೆ ಯಾರೋ ಕೆಲಸ ಮಾಡುತ್ತಿದ್ದಾರೆ, ಈಗ ಎಬ್ಬಿಸಲು ಆಗದು’ ಎಂದರೆ ಮಕ್ಕಳು ತಾವೇ ಹೋಗಿ ತೆರೆದ ಕಡತ ಮುಚ್ಚುತ್ತಾರೆ.

ಇನ್ನೊಂದು ಸಂದೇಶವೂ ಆಗಾಗ ಬರುತ್ತದೆ. ಸರ್ವರಿನಲ್ಲಿ ಫೋಲ್ಡರನ್ನು ಅಳಿಸಿ ಅದೇ ಹೆಸರಿನಲ್ಲಿ ಹೊಸದು ಮಾಡಿದರೆ, ಈಚೆಯ ಕಂಪ್ಯೂಟರು ಇನ್ನೂ ಹಳೆಯದರ ಗುರುತನ್ನೇ ಹಿಡಿದುಕೊಂಡಿರುತ್ತದೆ. ಆ ಗುರುತಿಗೆ ಇಂಗ್ಲಿಷಿನಲ್ಲಿ ಹ್ಯಾಂಡಲ್ ಅನ್ನುತ್ತಾರೆ, ಅದು ‘ಸ್ಟೇಲ್’ ಆಗಿದೆ ಎಂದು ಸಂದೇಶ. ನಾನು ‘ಹಳಸಿದ ಹಿಡಿ’ ಎಂದು ಬರೆದೆ. ಹಿಡಿ ಸರಿ, ಕುಡುಗೋಲಿಗೆ ಹಿಡಿ ಇದ್ದ ಹಾಗೆ. ಆದರೆ ಹಳಸುವುದು ಅನ್ನ, ಸಾರು. ಹಿಡಿ ಹಳಸುತ್ತದಾ? ‘ಕಳಚಿದ ಹಿಡಿ’ ಅಂದರೆ ಆದೀತು ಅನ್ನಿಸುತ್ತಿದೆ. ಹಿಡಿ ಕೈಯಲ್ಲೇ ಇದೆ, ಕುಡುಗೋಲು ಕಳಚಿ ಬಿದ್ದಿದೆ. ಮಾಡಬೇಕಾದ್ದು ಸುಲಭ, ಒಮ್ಮೆ ಎಬ್ಬಿಸಿ ಮತ್ತೆ ಕೂರಿಸಿದರೆ ಸಾಕು.

ಇಷ್ಟು ಹಳೆಯ ಮನೆಮಾತನ್ನು ಕಂಪ್ಯೂಟರಿಗೆ ತರಬಹುದಾ ಎಂದು ಕೆಲವರು ಕೇಳಬಹುದು. ‘ಕಡತ’ವನ್ನು ನೋಡಿ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ ಅದು. ವ್ಯಾಪಾರಿಗಳ ಲೆಕ್ಕ ಅದರಲ್ಲೇ ಇರುತ್ತಿತ್ತು. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಪ್ರಸಿದ್ಧ. ಅಳಿಸಿ ಮತ್ತೆ ಬರೆಯಬಹುದಿತ್ತು. ಆ ಪದ ಸರಕಾರಿ ಕಚೇರಿಯ ಫೈಲಿಗೆ ಬಂತು, ಆಮೇಲೆ ಕಂಪ್ಯೂಟರಿಗೂ ಬಂತು. ಯಾರಿಗೂ ಕಷ್ಟವಾಗಲಿಲ್ಲ.

ಈಗ ನನ್ನ ಎರಡನೆಯ ಪ್ರಶ್ನೆ. ‘ಶೇರ್’.

ಕ್ರಿಯಾಪದವಾದರೆ ‘ಹಂಚಿಕೊಳ್ಳು’ ಇದೆ. ನನಗೆ ಬೇಕಾಗಿರುವುದು ನಾಮಪದ. ಸರ್ವರ್ ಬೇರೆಯವರಿಗೆ ಬಿಟ್ಟುಕೊಟ್ಟ ಆ ಒಂದು ಫೋಲ್ಡರ್ ಇದೆಯಲ್ಲ, ಅದು. ‘ಹಂಚಿಕೆ’ ಎಂದು ಬರೆದು ಮಕ್ಕಳಿಗೆ ತೋರಿಸಿದೆ. ಒಬ್ಬ ಹುಡುಗ ಕೇಳಿದ, “ಹಾಗಾದ್ರೆ ನನ್ನ ಪಾಲಿಗೆ ಎಷ್ಟು ಜಿಬಿ ಬರುತ್ತೆ ಸಾರ್?” ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಸೀಟು ಹಂಚಿಕೆ, ನೀರು ಹಂಚಿಕೆ, ನಿವೇಶನ ಹಂಚಿಕೆ, ಎಲ್ಲದರಲ್ಲೂ ಇರುವುದನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಡುತ್ತಾರೆ. ಇಲ್ಲಿ ತುಂಡಾಗುವುದೇ ಇಲ್ಲ. ಇಡೀ ಫೋಲ್ಡರ್ ಇಡಿಯಾಗಿಯೇ ಎಲ್ಲರದ್ದೂ.

ಎನ್‌ಎಫ್‌ಎಸ್‌ನವರು ಶೇರ್ ಅನ್ನುವುದಿಲ್ಲ, ಎಕ್ಸ್‌ಪೋರ್ಟ್ ಅನ್ನುತ್ತಾರೆ. ಅದನ್ನು ‘ರಫ್ತು’ ಮಾಡಿದರೆ ಸರಕು ಊರು ಬಿಟ್ಟು ಹೋದಂತೆ ಆಗುತ್ತದೆ. ಶೇರ್ ಅನ್ನುವುದು ಸಾಂಬಾದವರು. ವಿಂಡೋಸ್ ಯಂತ್ರಗಳ ಜೊತೆ ಫೋಲ್ಡರ್ ಹಂಚಿಕೊಳ್ಳುವ ತಂತ್ರಾಂಶ ಅದು. (ಪದಪ್ರಿಯರಿಗೆ ಒಂದು ವಿಷಯ: ಆಂಡ್ರ್ಯೂ ಟ್ರಿಡ್ಜೆಲ್ ತಾವು ಬರೆದ ಈ ತಂತ್ರಾಂಶಕ್ಕೆ ಹೊಸ ಹೆಸರು ಬೇಕಾದಾಗ, ವಿಂಡೋಸ್ ಕಡತ ಹಂಚುವ ಪದ್ಧತಿಯ ಹೆಸರಿನ ಎಸ್, ಎಂ, ಬಿ ಮೂರೂ ಅಕ್ಷರ ಇರುವ ಪದ ಯಾವುದಿದೆ ಎಂದು ಕಂಪ್ಯೂಟರಿನ ಪದಪಟ್ಟಿಯಲ್ಲಿ ಹುಡುಕಿ ಸಾಂಬಾ ಎಂದು ಆರಿಸಿಕೊಂಡರು.)

‘ಜಂಟಿ’ ಅನ್ನೋಣ ಅಂದರೆ ಜಂಟಿ ಖಾತೆಯಲ್ಲಿ ಎಲ್ಲರೂ ಸಮಾನ ಒಡೆಯರು. ಇಲ್ಲಿ ಒಡೆತನ ಸರ್ವರಿನದು, ಉಳಿದವರಿಗೆ ಬಳಸುವ ಅಪ್ಪಣೆ ಮಾತ್ರ. ‘ಗೋಮಾಳ’ದ ಹೋಲಿಕೆ ಹತ್ತಿರ ಬರುತ್ತದೆ. ಎಲ್ಲರ ದನವೂ ಅಲ್ಲಿ ಮೇಯುತ್ತದೆ, ಜಾಗ ಯಾರ ಹೆಸರಿಗೂ ಇಲ್ಲ. ಅದಕ್ಕಿಂತ ಹತ್ತಿರದ್ದು ಮಲೆನಾಡಿನ ‘ಸೊಪ್ಪಿನ ಬೆಟ್ಟ’. ಬೆಟ್ಟ ಸರಕಾರದ್ದು, ಸೊಪ್ಪು ತರುವ ಹಕ್ಕು ಅಡಿಕೆ ತೋಟದವರದು. ಎಕ್ಸ್‌ಪೋರ್ಟ್ಸ್ ಕಡತದ ಸಾಲೂ ಇದನ್ನೇ ಹೇಳುತ್ತದೆ: ಯಾರು ಬರಬಹುದು, ಏನು ಮಾಡಬಹುದು. ಆದರೆ ಇವೆಲ್ಲ ಹೋಲಿಕೆಗೆ ಚೆಂದ, ಮೆನುವಿನಲ್ಲಿ ಬರೆಯಲು ಬರುವುದಿಲ್ಲ. ಸದ್ಯಕ್ಕೆ ಕೂಡುಕುಟುಂಬದ ದಾರಿ ಹಿಡಿದು ‘ಕೂಡುಫೋಲ್ಡರ್’ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದೇನೆ. ಮನಸ್ಸಿಗೆ ಪೂರ್ತಿ ಹಿಡಿಸಿಲ್ಲ.

ನಿಮ್ಮ ಊರಿನಲ್ಲಿ ಒಬ್ಬರ ಸ್ವತ್ತನ್ನು ಊರವರೆಲ್ಲ ಬಳಸುವ ರೂಢಿ ಇದ್ದೇ ಇರುತ್ತದೆ. ಒಬ್ಬರ ಗದ್ದೆಯ ಬಾವಿಯಿಂದ ನಾಲ್ಕು ಮನೆಯವರು ನೀರು ಸೇದುವುದು, ಒಬ್ಬರ ಕಣದಲ್ಲಿ ಎಲ್ಲರೂ ಒಕ್ಕಣೆ ಮಾಡುವುದು. ಅಂಥ ಬಾವಿಗೆ, ಅಂಥ ಕಣಕ್ಕೆ ನಿಮ್ಮ ಕಡೆ ಬೇರೆ ಹೆಸರು ಇದೆಯಾ? ಹಿರಿಯರನ್ನು ಕೇಳಿ ತಿಳಿಸಿದರೆ ಉಪಕಾರವಾಗುತ್ತದೆ. ಬೇಸಿಗೆ ರಜೆ ಮುಗಿಯುವ ಮೊದಲು ಕೈಪಿಡಿ ಅಚ್ಚಿಗೆ ಕೊಡಬೇಕು.