ಮಣಿಕಟ್ಟಿನಿಂದ ಎದೆಯವರೆಗಿನ ದಾರಿ

ಚಿಕ್ಕಮ್ಮಾ, ಡ್ಯೂಟಿ ಮುಗಿಸಿ ಈಗಷ್ಟೇ ನಿಮ್ಮ ಮೆಸೇಜ್ ಕೇಳಿದೆ. ದೊಡ್ಡಪ್ಪನಿಗೆ ಸೋಮವಾರ ಶಿವಮೊಗ್ಗದಲ್ಲಿ ಆಂಜಿಯೋಗ್ರಾಂ, ಅಂದರೆ ಹೃದಯದ ರಕ್ತನಾಳಗಳನ್ನು ಎಕ್ಸ್‌ರೇಯಲ್ಲಿ ನೋಡುವ ಪರೀಕ್ಷೆ. ಕೈಯಿಂದ ಟ್ಯೂಬು ಹಾಕುತ್ತಾರಂತೆ, ಮಧ್ಯದಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಏನು ಗತಿ ಅಂತ ಕೇಳಿದ್ದೀರಿ. ಭಾವ ಇನ್ನೊಂದು ಕೇಳಿದ್ದಾರೆ, ಹೃದಯದ ಒಳಗೆ ಸದಾ ರಕ್ತ ತುಂಬಿರುತ್ತಲ್ಲ, ಅದಕ್ಕೇ ರಕ್ತ ಸಾಲದು ಅಂದರೆ ಹೇಗೆ ಅಂತ. ಈ ಪರೀಕ್ಷೆ ಮಾಡುವ ಕ್ಯಾತ್ ಲ್ಯಾಬಿನಲ್ಲಿ ದಿನಾ ನೋಡುವ ಕೆಲಸ ನನ್ನದು, ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತೆ.

ಭಾವ, ನಿಮ್ಮ ಪ್ರಶ್ನೆ ಮೊದಲು. ಹೃದಯದ ಬಲಭಾಗ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತೆ, ಎಡಭಾಗ ಮೈಗೆಲ್ಲ ಕಳಿಸುತ್ತೆ. ಸುಮ್ನೆ ಕೂತಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್. ಆದರೆ ಅದರ ಗೋಡೆ ದಪ್ಪ ಮಾಂಸ. ಒಳಗೆ ಹಾದು ಹೋಗುವ ರಕ್ತದಿಂದ ಆ ಗೋಡೆಗೆ ಸಿಗುವುದು ತೀರಾ ಕಡಿಮೆ. ಅದಕ್ಕೆ ಬೇರೆಯೇ ನಾಳಗಳಿವೆ. ಎಡಭಾಗದಿಂದ ಹೊರಡುವ ಮಹಾಪಧಮನಿಯ ಬುಡದಲ್ಲಿ, ಕವಾಟದ ಸ್ವಲ್ಪ ಮೇಲೆ, ಎರಡು ಸಣ್ಣ ಬಾಯಿ ಇರುತ್ತವೆ. ಅಲ್ಲಿಂದ ಹೊರಟ ಕರೊನರಿ ನಾಳಗಳು ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದ ಹಾಗೆ ಹೃದಯದ ಹೊರಮೈಗೆ ಅಂಟಿಕೊಂಡು ಹೋಗುತ್ತವೆ. ದೊಡ್ಡ ಕವಲೂ ಮೂರ್ನಾಲ್ಕು ಮಿಲಿಮೀಟರ್ ಅಗಲ, ಅಷ್ಟೇ. ಬ್ಲಾಕ್ ಅನ್ನುವುದು ಇವು ಒಳಗೆ ಕಿರಿದಾಗುವುದಕ್ಕೆ.

ಇನ್ನೊಂದು ವಿಷಯ ಇದೆ, ನನಗೆ ಈಗಲೂ ಆಶ್ಚರ್ಯ ಅದು. ಹೃದಯ ಹಿಂಡಿಕೊಂಡಾಗ ತನ್ನ ಗೋಡೆಯೊಳಗಿನ ನಾಳಗಳನ್ನೇ ಒತ್ತಿಬಿಡುತ್ತೆ. ಹಾಗಾಗಿ ಎಡಭಾಗದ ಮಾಂಸಕ್ಕೆ ಹೆಚ್ಚಿನ ರಕ್ತ ಸಿಗುವುದು ಅದು ಸಡಿಲವಾದಾಗ, ಎರಡು ಬಡಿತದ ನಡುವಿನ ಬಿಡುವಿನಲ್ಲಿ. ಬಡಿತ ಜೋರಾದಷ್ಟೂ ಬಿಡುವು ಕಡಿಮೆ, ಬೇಕಾಗುವ ರಕ್ತ ಮಾತ್ರ ಜಾಸ್ತಿ. ನಾಳ ಚೆನ್ನಾಗಿದ್ದರೆ ಹಿಗ್ಗಿ ಸರಿದೂಗಿಸುತ್ತೆ. ಕಿರಿದಾಗಿದ್ದರೆ ಆಗಲ್ಲ. ನಮ್ಮಲ್ಲಿ ತೋಟ ಕೆಳಗೆ, ಮನೆ ಮೇಲೆ ಅಲ್ವಾ? ಸೊಪ್ಪಿನ ಹೊರೆ ಹೊತ್ತು ದಿಬ್ಬ ಹತ್ತುವಾಗ ದೊಡ್ಡಪ್ಪನಿಗೆ ಎದೆ ಹಿಡಿದ ಹಾಗಾಗಿ, ನಿಂತರೆ ಹೋಗುತ್ತಿದ್ದುದು ಇದಕ್ಕೇ. ಅದನ್ನು ಗ್ಯಾಸ್ಟ್ರಿಕ್ ಅಂತ ಓಮಿನ ನೀರು ಕುಡಿಸಿ ಮಲಗಿಸಿದ್ದೀರಿ. ದಯವಿಟ್ಟು ಇನ್ನು ಮೇಲೆ ಯಾರಿಗೂ ಹಾಗೆ ಮಾಡಬೇಡಿ. ಹತ್ತುವಾಗ ಬಂದು ನಿಂತರೆ ಹೋಗುವ ನೋವನ್ನು ಡಾಕ್ಟರಿಗೆ ತೋರಿಸಲೇಬೇಕು.

ಈಗ ಟ್ಯೂಬಿನ ವಿಷಯ. ಹೆಬ್ಬೆರಳಿನ ಕೆಳಗೆ ನಾಡಿ ಹಿಡಿದು ನೋಡುತ್ತೇವಲ್ಲ, ಅದೇ ನಾಳ. ಅಲ್ಲಿ ಮರಗಟ್ಟಲು ಇಂಜೆಕ್ಷನ್ ಕೊಟ್ಟು, ಮೊದಲು ಮೆತ್ತನೆ ತುದಿಯ ತಂತಿ ಬಿಡುತ್ತಾರೆ. ಅದರ ಮೇಲೆ ಸುಮಾರು 2 ಮಿಲಿಮೀಟರ್ ದಪ್ಪದ ಟ್ಯೂಬು ಜಾರಿಸುತ್ತಾರೆ. ಮೊಣಕೈ, ತೋಳು, ಹೆಗಲು, ಅಲ್ಲಿಂದ ಮಹಾಪಧಮನಿ, ಅದರ ಬುಡದ ಆ ಎರಡು ಬಾಯಿ. ಹೃದಯದ ಹತ್ತಿರ ಹೋದಷ್ಟೂ ದಾರಿ ಅಗಲವಾಗುತ್ತೆ ಚಿಕ್ಕಮ್ಮ, ಕಿರಿದಾಗಲ್ಲ. ಕಿರಿದಾದ ಜಾಗ ಅಂದರೆ ಮಣಿಕಟ್ಟಿನ ಕಡೆಯೇ. ಕೆಲವರಿಗೆ ಅಲ್ಲಿ ನಾಳ ಬಿಗಿದುಕೊಳ್ಳುತ್ತೆ, ಅದಕ್ಕೆ ಔಷಧಿ ಇದೆ. ಆಗಲೂ ಆಗದಿದ್ದರೆ ತೊಡೆಸಂದಿಯಿಂದ ಮಾಡುತ್ತಾರೆ. ಕಿರುಬೆರಳಿನ ಕಡೆ ಇನ್ನೊಂದು ನಾಳ ಇರುವುದರಿಂದ ಅಂಗೈಗೆ ರಕ್ತ ನಿಲ್ಲಲ್ಲ. ಎದೆಯೊಳಗೆ ಟ್ಯೂಬು ಓಡಾಡುವುದು ಸಾಮಾನ್ಯವಾಗಿ ಗೊತ್ತೇ ಆಗಲ್ಲ. ದೊಡ್ಡಪ್ಪ ಎಚ್ಚರವಾಗೇ ಇರುತ್ತಾರೆ. 1929ರಲ್ಲಿ ಜರ್ಮನಿಯ ಫಾರ್ಸ್‌ಮನ್ ಅನ್ನುವ ಡಾಕ್ಟರ್ ತನ್ನ ತೋಳಿನ ಅಭಿಧಮನಿಯಿಂದ ತಾನೇ ಹೃದಯಕ್ಕೆ ಟ್ಯೂಬು ಹಾಕಿಕೊಂಡು ಎಕ್ಸ್‌ರೇ ತೆಗೆಸಿದ್ದರು. 1956ರಲ್ಲಿ ಅವರಿಗೆ ನೊಬೆಲ್ ಬಂತು.

ನಾಳಗಳು ಎಕ್ಸ್‌ರೇಯಲ್ಲಿ ಕಾಣಲಿ ಅಂತ ಆ ಟ್ಯೂಬಿನ ಮೂಲಕ ಬಣ್ಣದ ಔಷಧಿ ಬಿಡುತ್ತಾರೆ. ಅದು ಕಿಡ್ನಿ ಮೂಲಕ ಹೊರಗೆ ಹೋಗಬೇಕು. ಹಾಗಾಗಿ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಿಪೋರ್ಟ್, ಶುಗರ್ ಮಾತ್ರೆ ಚೀಟಿ ಎಲ್ಲ ತನ್ನಿ. ಅಲರ್ಜಿ ಇದ್ದರೆ ಮೊದಲೇ ಹೇಳಿ. ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಸೋಮವಾರದ ಒಳಗೆ ಕೂತಲ್ಲೇ ನೋವು ಬಂದು ಕಡಿಮೆಯಾಗದಿದ್ದರೆ, ಬೆವರಿದರೆ, ಮಧ್ಯರಾತ್ರಿಯಾದರೂ 108ಕ್ಕೆ ಫೋನ್ ಮಾಡಿ, ಆಮೇಲೆ ನನಗೆ. ಭಾವ, ಹಳೆಯ ಇಸಿಜಿ ಅಟ್ಟದ ಪೆಟ್ಟಿಗೆಯಲ್ಲಿ ಇರಬಹುದು, ಇವತ್ತೇ ಹುಡುಕಿ ಫೋಟೋ ಹಾಕಿ.