ನಾನು ಇಲ್ಲದ ದಿನವೂ ಶಾಲೆ ನಡೆಯಬೇಕಾದರೆ ಯಾವ ಬಗೆಯ ನಾಯಕತ್ವ ಬೇಕು?

ದೇವದುರ್ಗದ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ 11 ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ನಮ್ಮ ಹೆಡ್ ಮಾಸ್ತರು ಮೇ ಕೊನೆಗೆ ನಿವೃತ್ತರಾದರು. ಸೇವೆಯಲ್ಲಿ ಹಿರಿಯಳು ಅಂತ ಪ್ರಭಾರ ನನಗೆ ಬಂತು. ಒಂದರಿಂದ ಏಳನೇ ತರಗತಿ, 168 ಮಕ್ಕಳು. ನನ್ನನ್ನೂ ಸೇರಿಸಿ ನಾಲ್ವರು ಕಾಯಂ ಶಿಕ್ಷಕರು, ಇಬ್ಬರು ಅತಿಥಿ ಶಿಕ್ಷಕರು.

ಕಳೆದ ತಿಂಗಳು ನಡೆದದ್ದನ್ನು ಹೇಳುತ್ತೇನೆ. ತಾಲ್ಲೂಕಿನಲ್ಲಿ ಸಭೆ ಇತ್ತು. ಬೆಳಿಗ್ಗೆ 8 ಗಂಟೆ ಬಸ್ಸು ಹಿಡಿದು ಹೋದೆ. ಬಿಸಿಯೂಟದ ಕೋಣೆಯ ಬೀಗದ ಕೈ ನನ್ನ ಬ್ಯಾಗಿನಲ್ಲೇ ಉಳಿಯಿತು. ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ ಎಲ್ಲಾ ಆ ಕೋಣೆಯೊಳಗೆ. ಸಭೆಯಲ್ಲಿ ಫೋನ್ ಸೈಲೆಂಟ್ ಮಾಡಿದ್ದೆ. ಹನ್ನೆರಡೂವರೆಗೆ ತೆಗೆದು ನೋಡಿದರೆ 14 ಮಿಸ್ಡ್ ಕಾಲ್. ವಾಪಸ್ ಮಾಡಿದಾಗ ಅಡುಗೆಯವರು ಕೇಳಿದ್ದು ಒಂದೇ ಮಾತು: "ಅಕ್ಕೋರ, ಕೀಲಿಕೈ ಎಲ್ಲೈತ್ರಿ?"

ನಾನು ಊರು ಮುಟ್ಟುವಾಗ ಮೂರು ಗಂಟೆ. ಬೆಳಗಿನ ಹಾಲೂ ಇಲ್ಲ, ಮಧ್ಯಾಹ್ನದ ಊಟವೂ ಇಲ್ಲ. ಅತಿಥಿ ಶಿಕ್ಷಕರೊಬ್ಬರು ತಮ್ಮ ದುಡ್ಡಿನಲ್ಲಿ ಅಂಗಡಿಯಿಂದ ಬಿಸ್ಕತ್ ತಂದು ಹಂಚಿದ್ದರು. ಹತ್ತಿ ಬಿಡಿಸುವ ದಿನಗಳು ಅವು. ಆರನೇ ತರಗತಿಯ ಒಬ್ಬ ಹುಡುಗಿ ನಸುಕಿನಲ್ಲೇ ತಾಯಿಯ ಜೊತೆ ಹೊಲಕ್ಕೆ ಹೋಗಿ, ಅಲ್ಲಿಂದಲೇ ಶಾಲೆಗೆ ಬಂದಿದ್ದಳು. ತಟ್ಟೆ ತೊಳೆದು ಮಡಿಲಲ್ಲಿ ಇಟ್ಟುಕೊಂಡು ಪಡಸಾಲೆಯಲ್ಲಿ ಕೂತಿದ್ದಳು. ಬೆರಳ ತುದಿಯಲ್ಲೆಲ್ಲ ಒಣಗಿದ ಹತ್ತಿ ಕಾಯಿ ಗೀರಿದ ಗೆರೆಗಳು. ಆ ಕೈ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಕೀಲಿಕೈ ಒಯ್ದದ್ದು ನನ್ನ ತಪ್ಪು. ಆದರೆ ಇನ್ನೂ ಒಂದು ಸಂಗತಿ ನನ್ನನ್ನು ಕಾಡುತ್ತಿದೆ. ಬೀಗ ಒಡೆಯಬಹುದಿತ್ತು. ಐದು ಜನ ದೊಡ್ಡವರಿದ್ದರು, ಯಾರೂ ಒಡೆಯಿರಿ ಎನ್ನಲಿಲ್ಲ. ನಾಲ್ಕು ಮತ್ತು ಐದನೇ ತರಗತಿಗೆ ಮಧ್ಯಾಹ್ನ ಪಾಠವೇ ಆಗಲಿಲ್ಲ. ಕೇಳಿದರೆ, "ನೀವು ಹೇಳಿರಲಿಲ್ಲವಲ್ಲ ಮೇಡಂ" ಅಂದರು. ಇವರು ಕೆಲಸಗಳ್ಳರಲ್ಲ, ಒಳ್ಳೆಯ ಶಿಕ್ಷಕರು. ಹಾಗಾದರೆ ಐದು ತಿಂಗಳಲ್ಲಿ ನಾನು ಇವರಿಗೆ ಏನು ಕಲಿಸಿದೆ?

ಬಿಎಡ್‌ನಲ್ಲಿ ನಿರಂಕುಶ, ಪ್ರಜಾಸತ್ತಾತ್ಮಕ, ಸುಮ್ನೆ ಬಿಟ್ಟುಬಿಡುವ ನಾಯಕತ್ವ ಅಂತೆಲ್ಲ ಓದಿದ್ದೇವೆ. ಪರಿವರ್ತಕ, ಸೇವಕ, ಸಾಂದರ್ಭಿಕ ಅಂತಲೂ ಇವೆ. ಹಳ್ಳಿಯ ಸರ್ಕಾರಿ ಶಾಲೆಗೆ, ಅದೂ ತಿಂಗಳಲ್ಲಿ ನಾಲ್ಕೈದು ದಿನ ಸಭೆ, ಬ್ಯಾಂಕ್, ತರಬೇತಿ ಅಂತ ಹೆಡ್ ಮಾಸ್ತರು ಹೊರಗೇ ಇರುವ ಶಾಲೆಗೆ, ಇವುಗಳಲ್ಲಿ ಯಾವುದು ನಿಜವಾಗಿ ಕೆಲಸಕ್ಕೆ ಬರುತ್ತದೆ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಬಳ್ಳಾರಿ ಉಪನ್ಯಾಸಕ:

ಮೇಡಂ, ನಾನು ಬಳ್ಳಾರಿಯಲ್ಲಿ ಡಿಎಡ್ ವಿದ್ಯಾರ್ಥಿಗಳಿಗೆ ಇದೇ ವಿಷಯ ಪಾಠ ಮಾಡುತ್ತೇನೆ. ನೀವು ಬಿಎಡ್‌ನಲ್ಲಿ ಓದಿದ ಆ ಮೂರು ಬಗೆ ಕರ್ಟ್ ಲೆವಿನ್ ಅವರಿಂದ ಬಂದವು. ಜರ್ಮನಿಯಿಂದ ಅಮೆರಿಕಕ್ಕೆ ಬಂದ ಮನಶ್ಶಾಸ್ತ್ರಜ್ಞ ಅವರು. ಲಿಪಿಟ್ ಮತ್ತು ವೈಟ್ ಎಂಬ ಜೊತೆಗಾರರೊಂದಿಗೆ ಅಯೋವಾದಲ್ಲಿ ಮಾಡಿದ ಪ್ರಯೋಗ 1939ರಲ್ಲಿ ಪ್ರಕಟವಾಯಿತು. ಹತ್ತು ವರ್ಷದ ಹುಡುಗರ ಸಣ್ಣ ಸಣ್ಣ ಗುಂಪು. ಮುಖವಾಡ ಮಾಡುವಂಥ ಕೈಕೆಲಸ. ಒಂದೊಂದು ಗುಂಪಿಗೂ ಸರದಿಯಂತೆ ಬೇರೆ ಬೇರೆ ರೀತಿಯ ಮುಂದಾಳು.

ಪರೀಕ್ಷೆಯಲ್ಲಿ ನಾವೆಲ್ಲ ಪ್ರಜಾಸತ್ತಾತ್ಮಕವೇ ಉತ್ತಮ ಎಂದು ಬರೆದು ಮುಗಿಸುತ್ತೇವೆ. ಅದರಲ್ಲಿ ನಿಮಗೆ ಬೇಕಾದ ಭಾಗ ಬೇರೆ ಇದೆ. ನಡುನಡುವೆ ಮುಂದಾಳು ಕೋಣೆಯಿಂದ ಹೊರಗೆ ಹೋಗುತ್ತಿದ್ದ. ಆಗ ಏನಾಗುತ್ತದೆ ಎಂದು ನೋಡುತ್ತಿದ್ದರು. ಅಪ್ಪಣೆ ಕೊಟ್ಟು ಮಾಡಿಸುತ್ತಿದ್ದ ಗುಂಪು ಅವನಿದ್ದಾಗ ಜಾಸ್ತಿ ಕೆಲಸ ಮಾಡುತ್ತಿತ್ತು, ಅವನು ಹೋದ ಕೂಡಲೇ ಕೈಬಿಡುತ್ತಿತ್ತು. ಎಲ್ಲರೂ ಕೂಡಿ ತೀರ್ಮಾನ ಮಾಡಿದ ಗುಂಪು ಅವನಿರಲಿ, ಇಲ್ಲದಿರಲಿ, ಹೆಚ್ಚು ಕಡಿಮೆ ಒಂದೇ ಸಮ ಕೆಲಸ ಮಾಡುತ್ತಿತ್ತು. ನಿಮ್ಮ ಬೀಗದ ಕೈಯ ದಿನ ಆ ಪ್ರಯೋಗವೇ ಅಲ್ವಾ ನಡೆದದ್ದು?

ಉಳಿದವುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದ ಬರ್ನ್ಸ್ ಎಂಬ ವಿದ್ವಾಂಸರು 1978ರಲ್ಲಿ ಎರಡು ಬಗೆ ಹೇಳಿದರು. ಒಂದು ಕೊಡು-ಕೊಳ್ಳುವ ನಾಯಕತ್ವ, ಅಂದರೆ ಕೆಲಸಕ್ಕೆ ಪ್ರತಿಫಲ ಕೊಟ್ಟು ಮಾಡಿಸುವುದು. ಇನ್ನೊಂದು ಪರಿವರ್ತಕ ನಾಯಕತ್ವ, ಅಂದರೆ ದೊಡ್ಡ ಗುರಿ ತೋರಿಸಿ ಜನರಲ್ಲಿ ಹುರುಪು ತುಂಬುವುದು. 1985ರಲ್ಲಿ ಬಾಸ್ ಎಂಬ ಮನಶ್ಶಾಸ್ತ್ರಜ್ಞರು ಅದನ್ನು ಬೆಳೆಸಿದರು. ಕೊಡು-ಕೊಳ್ಳುವುದಕ್ಕೆ ನಿಮ್ಮ ಕೈಯಲ್ಲಿ ಏನಿದೆ? ಸಂಬಳ, ಬಡ್ತಿ, ವರ್ಗಾವಣೆ ಯಾವುದೂ ಹೆಡ್ ಮಾಸ್ತರ ಕೈಯಲ್ಲಿಲ್ಲ. ಹಾಗಾಗಿ ಅದು ನಿಮ್ಮ ಶಾಲೆಯಲ್ಲಿ ಬಹಳ ದೂರ ನಡೆಯುವುದಿಲ್ಲ.

ಪರಿವರ್ತಕ ನಾಯಕತ್ವ ಕೇಳಲು ಚೆನ್ನಾಗಿದೆ. ಆದರೆ ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಜೊತೆಗಾರರು 2008ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದರು. ಮಕ್ಕಳ ಕಲಿಕೆಯ ಮೇಲೆ ಪರಿವರ್ತಕ ನಾಯಕತ್ವಕ್ಕಿಂತ ಬೋಧನಾ ನಾಯಕತ್ವದ, ಅಂದರೆ ಮುಖ್ಯಸ್ಥರು ಪಾಠ ಮತ್ತು ಕಲಿಕೆಯ ಮೇಲೆ ಗಮನ ಇಡುವ ನಾಯಕತ್ವದ, ಪ್ರಭಾವ ಮೂರು-ನಾಲ್ಕು ಪಟ್ಟು ಜಾಸ್ತಿ ಇತ್ತು. ಅದರಲ್ಲೂ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು, ಮುಖ್ಯಸ್ಥರು ತಾವೂ ಶಿಕ್ಷಕರ ಜೊತೆ ಕೂತು ಕಲಿಯುವುದು. ಆದ್ದರಿಂದ ತರಗತಿಗಳಿಗೆ ಹೋಗಿ ಕೂರುವುದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

ಯಲಬುರ್ಗಾ ನಿವೃತ್ತ ಮಾಸ್ತರ:

ತಂಗಿ, ನಾನು ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿದ್ದಾಗ ಕೆಲಸಕ್ಕೆ ಸೇರಿದವನು. ಹೆಡ್ ಮಾಸ್ತರನಾಗಿ 14 ವರ್ಷ ಇದ್ದೆ. ಉಪನ್ಯಾಸಕ ಸರ್ ಹೇಳಿದ ಪ್ರಯೋಗ ಸರಿಯಾಗಿದೆ. ಆದರೆ ಅದನ್ನು ಓದಿ, ನಾಳೆಯಿಂದ ಎಲ್ಲರಿಗೂ ಎಲ್ಲಾ ಬಿಟ್ಟುಕೊಡುತ್ತೇನೆ ಅಂತ ಹೊರಡಬೇಡಿ. ನಾನು ಹಾಗೆ ಹೊರಟಿದ್ದೆ.

ಆಗ ತಾನೇ ಬಂದ ಒಬ್ಬ ಶಿಕ್ಷಕನಿಗೆ ಬಿಸಿಯೂಟದ ಸ್ಟಾಕ್ ರಿಜಿಸ್ಟರ್ ಕೈಗೆ ಕೊಟ್ಟು, ನಿನ್ನ ಮೇಲೆ ನಂಬಿಕೆ ಇದೆ ಅಂದೆ. ಹೇಗೆ ಬರೆಯಬೇಕು ಎಂದು ತೋರಿಸಲಿಲ್ಲ. ಎರಡು ತಿಂಗಳಾದ ಮೇಲೆ ಅಳತೆ ಮಾಡಿದರೆ ಪುಸ್ತಕದಲ್ಲಿದ್ದ ಅಕ್ಕಿಗೂ ಕೋಣೆಯಲ್ಲಿದ್ದ ಅಕ್ಕಿಗೂ ಒಂದು ಚೀಲ ವ್ಯತ್ಯಾಸ. ಅವನು ಕದ್ದಿರಲಿಲ್ಲ. ಹಾಜರಾತಿ ನೋಡಿ ಖರ್ಚು ಬರೆಯುತ್ತಿದ್ದ, ಅಡುಗೆಯವರು ಬೇರೆ ಲೆಕ್ಕದಲ್ಲಿ ಅಳೆಯುತ್ತಿದ್ದರು. ಆ ಹುಡುಗ ನನ್ನ ಮುಂದೆ ಅತ್ತ. ಅದು ಅವನ ತಪ್ಪಲ್ಲ, ನನ್ನದು.

ಆಮೇಲೆ ನನಗೆ ದಾರಿ ಕಂಡದ್ದು ನಲಿ-ಕಲಿ ಕೋಣೆಯಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಚಿಕ್ಕ ತರಗತಿಯ ಮಕ್ಕಳು ಚಟುವಟಿಕೆಗಳಿಂದ ಕಲಿಯುವ ಪದ್ಧತಿ ಅದು. ನಿಮಗೆ ಗೊತ್ತೇ ಇದೆ, ಅಲ್ಲಿ ಮಕ್ಕಳು ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ, ಕೂರುತ್ತಾರೆ. ಒಂದು ತಟ್ಟೆಯಲ್ಲಿ ಶಿಕ್ಷಕರು ಪೂರ್ತಿ ಜೊತೆಗಿರುತ್ತಾರೆ. ಇನ್ನೊಂದರಲ್ಲಿ ಅರ್ಧ ನೆರವು. ಆಮೇಲೆ ಗೆಳೆಯರ ನೆರವು. ಕೊನೆಗೆ ಸ್ವಕಲಿಕೆ. ಒಂದೇ ಮಗು ಹೊಸ ಮೈಲಿಗಲ್ಲು, ಅಂದರೆ ಕಲಿಕೆಯ ಹೊಸ ಹಂತ, ಬಂದಾಗ ಮತ್ತೆ ಮೊದಲ ತಟ್ಟೆಗೆ ಬರುತ್ತದೆ. ಅದರಿಂದ ಆ ಮಗುವಿಗೆ ಅವಮಾನವಿಲ್ಲ.

ಹರ್ಸಿ ಮತ್ತು ಬ್ಲಾಂಚಾರ್ಡ್ 1969ರಿಂದ ಬೆಳೆಸಿದ ಸಾಂದರ್ಭಿಕ ನಾಯಕತ್ವ ಹೇಳುವುದೂ ಇದನ್ನೇ. ಹೇಳಿ ಮಾಡಿಸು, ಮನವೊಲಿಸಿ ಮಾಡಿಸು, ಜೊತೆಗೂಡಿ ಮಾಡು, ವಹಿಸಿಕೊಡು. ನಾಲ್ಕೂ ಒಳ್ಳೆಯವೇ. ಯಾರಿಗೆ, ಯಾವ ಕೆಲಸಕ್ಕೆ, ಯಾವಾಗ ಎಂಬುದರ ಮೇಲೆ ಹೋಗುತ್ತದೆ. ಮನುಷ್ಯನನ್ನು ಒಂದೇ ತಟ್ಟೆಯಲ್ಲಿ ಕೂರಿಸಬೇಡಿ, ಕೆಲಸವನ್ನು ಕೂರಿಸಿ. ಇಪ್ಪತ್ತು ವರ್ಷ ಪಾಠ ಮಾಡಿದ ಶಿಕ್ಷಕಿ ತರಗತಿಯಲ್ಲಿ ಸ್ವಕಲಿಕೆಯ ತಟ್ಟೆ, ಎಸ್‌ಎಟಿಎಸ್‌ ಎಂಬ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಹಾಜರಾತಿ ತುಂಬುವಾಗ ಮೊದಲ ತಟ್ಟೆ. ನಮ್ಮಲ್ಲಿ ಒಬ್ಬ ಅತಿಥಿ ಶಿಕ್ಷಕಿ ಇದ್ದರು. ಕಂಪ್ಯೂಟರ್ ಕೆಲಸದಲ್ಲಿ ನನಗೇ ಅವರು ಕಲಿಸಿದರು.

ನಾನು ಒಂದು ದೊಡ್ಡ ಹಾಳೆಯಲ್ಲಿ ಶಾಲೆಯ ಕೆಲಸಗಳನ್ನೆಲ್ಲ ಬರೆದೆ. ಪ್ರಾರ್ಥನೆ, ಹಾಲು, ಅಡುಗೆ ಕೋಣೆ, ಶಿಕ್ಷಕರು ಬಾರದ ದಿನ ತರಗತಿ ಹೊಂದಿಸುವುದು, ಕ್ಯಾಶ್ ಬುಕ್, ಮಗುವಿಗೆ ಪೆಟ್ಟಾದರೆ ಆಸ್ಪತ್ರೆ. ಒಂದೊಂದರ ಮುಂದೆ ಒಬ್ಬರ ಹೆಸರು, ಅವರು ಇಲ್ಲದಿದ್ದರೆ ಇನ್ನೊಬ್ಬರ ಹೆಸರು. ಅದರ ಕೆಳಗೆ, ನನ್ನನ್ನು ಕೇಳದೆ ಅವರು ಏನು ಮಾಡಬಹುದು ಎಂಬುದನ್ನೂ ಬರೆದೆ. ನಿಮ್ಮ ಶಾಲೆಯಲ್ಲಿ ಇಲ್ಲದ್ದು ಈ ಕೊನೆಯ ಸಾಲು. "ಕೀಲಿಕೈ ಸಿಗದಿದ್ದರೆ ಹತ್ತೂವರೆಯೊಳಗೆ ಬೀಗ ಒಡೆಯಿರಿ" ಎಂದು ಗೋಡೆ ಮೇಲೆ ಬರೆದಿದ್ದರೆ ಯಾರಾದರೂ ಒಡೆಯುತ್ತಿದ್ದರು.

ಉಪನ್ಯಾಸಕ ಸರ್, ಒಂದು ಮಾತು. ತರಗತಿಗೆ ಹೋಗಿ ಕೂರಿ ಅನ್ನುತ್ತೀರಿ. ಪ್ರಭಾರದಲ್ಲಿರುವವರಿಗೆ ತಮ್ಮ ಪಾಠದ ಅವಧಿಗಳೇ ವಾರವಿಡೀ ಇರುತ್ತವೆ. ನನ್ನಿಂದ ಆದದ್ದು ವಾರಕ್ಕೆ ಒಂದೇ ಅವಧಿ, ಗುರುವಾರ. ಅದನ್ನು ಮಾತ್ರ ತಪ್ಪಿಸಲಿಲ್ಲ.

ಸಿರುಗುಪ್ಪದ ತಾಯಿ:

ನಾನು ಶಿಕ್ಷಕಿಯಲ್ಲ. ಸಿರುಗುಪ್ಪ ಕಡೆಯ ಒಂದು ಊರಿನ ಎಸ್‌ಡಿಎಂಸಿ, ಅಂದರೆ ಶಾಲೆಯ ಉಸ್ತುವಾರಿ ನೋಡುವ ಸಮಿತಿಯ, ಸದಸ್ಯೆ. ಇಬ್ಬರು ಮಕ್ಕಳು ಅದೇ ಶಾಲೆಯಲ್ಲಿದ್ದಾರೆ.

ಅಕ್ಕೋರೆ, ಐದು ಜನ ದೊಡ್ಡವರಿದ್ದರು ಅಂತ ಎಣಿಸಿದಿರಿ. ಊರಲ್ಲಿರುವ ನಮ್ಮನ್ನು ಎಣಿಸಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೇ ಇರಬೇಕು, ಅರ್ಧ ಹೆಂಗಸರಿರಬೇಕು ಅಂತ ಇದೆ. ಮೊದಲು ನಮ್ಮಲ್ಲೂ ಪುಸ್ತಕ ಮನೆಗೆ ಕಳಿಸಿ ಸಹಿ ಹಾಕಿಸಿಕೊಳ್ಳುತ್ತಿದ್ದರು. ಸಭೆ ಹನ್ನೊಂದು ಗಂಟೆಗೆ ಇಟ್ಟರೆ ಮೆಣಸಿನಕಾಯಿ ಬಿಡಿಸುವ ಕೂಲಿ ಬಿಟ್ಟು ಯಾರು ಬರುತ್ತಾರೆ? ಈಗಿನ ಮೇಡಂ ಸಂಜೆ ಏಳಕ್ಕೆ ಹನುಮಪ್ಪನ ಗುಡಿ ಕಟ್ಟೆಗೆ ತಾವೇ ಬರುತ್ತಾರೆ. ಹೋದ ಸಲ ಮೂವತ್ತಕ್ಕೂ ಹೆಚ್ಚು ಜನ ಸೇರಿದ್ದೆವು. ಯಾವ ಮಗು ಎಷ್ಟು ದಿನ ಬಂದಿಲ್ಲ ಅಂತ ಅಲ್ಲೇ ಮಾತಾಗುತ್ತದೆ. ಗುಳೆ ಹೋಗುವ ಮನೆಯವರು ಮಗುವನ್ನು ಅಜ್ಜಿ ಹತ್ತಿರ ಬಿಟ್ಟು ಹೋಗಲು ಒಪ್ಪಿದ್ದೂ ಆ ಕಟ್ಟೆಯಲ್ಲೇ.

ನಮ್ಮ ಶಾಲೆಯ ಅಡುಗೆ ಕೋಣೆಯ ಇನ್ನೊಂದು ಕೀಲಿಕೈ ಶಾಲೆ ಎದುರಿನ ಮನೆಯಲ್ಲಿದೆ. ಯಾರ ಮನೆ ಅಂತ ಮಕ್ಕಳಿಗೂ ಗೊತ್ತು.

ದೇವದುರ್ಗದ ಟೀಚರ್:

ಮೂವರಿಗೂ ಶರಣು. ಸಿರುಗುಪ್ಪದ ಅಕ್ಕ, ನೀವು ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ.

ಭಾನುವಾರ ಪೇಟೆಯಲ್ಲಿ ಎರಡು ಕೀಲಿಕೈ ಮಾಡಿಸಿದೆ. ಒಂದು ಮುಖ್ಯ ಅಡುಗೆಯವರ ಹತ್ತಿರ, ಇನ್ನೊಂದು ಬಿಸ್ಕತ್ ತಂದುಕೊಟ್ಟ ಆ ಅತಿಥಿ ಶಿಕ್ಷಕರ ಹತ್ತಿರ. ಸೋಮವಾರ ಶಾಲೆ ಬಿಟ್ಟ ಮೇಲೆ ಆರೂ ಜನ ಕೂತು ಹಾಳೆ ಬರೆದೆವು. ನಾನು ಮೊದಲು ಮಾತಾಡಲಿಲ್ಲ. ನಾಲ್ಕು ಮತ್ತು ಐದನೇ ತರಗತಿಗೆ ಯಾರೂ ಇಲ್ಲದಿದ್ದರೆ ಏನು ಮಾಡಬೇಕು ಎಂಬುದನ್ನು ಅವರೇ ಹೇಳಿದರು: ಎರಡೂ ತರಗತಿ ಒಂದೇ ಕೋಣೆಯಲ್ಲಿ, ಏಳನೇ ತರಗತಿಯ ನಾಲ್ವರು ಮಕ್ಕಳು ಅರ್ಧ ಗಂಟೆ ಓದಿಸುವುದು, ಆಮೇಲೆ ಪಕ್ಕದ ಕೋಣೆಯ ಟೀಚರ್ ಬರುವುದು. ಇದು ಅವರ ತಲೆಯಲ್ಲಿ ಮೊದಲೇ ಇತ್ತು. ನಾನು ಕೇಳಿರಲಿಲ್ಲ.

ಕ್ಯಾಶ್ ಬುಕ್ ಮಾತ್ರ ಇನ್ನೂ ಯಾರ ಹೆಸರಿಗೂ ಬರೆದಿಲ್ಲ. ಮಾಸ್ತರೇ, ಆ ಒಂದು ಚೀಲದ ಪ್ರಸಂಗ ಆದ ಮೇಲೆ ನೀವು ಆ ಹುಡುಗನ ಜೊತೆ ಎಷ್ಟು ವಾರ ಕೂತು ಬರೆಸಿದಿರಿ? ದಿನಾ ಕೂರಬೇಕಾ, ವಾರಕ್ಕೊಮ್ಮೆ ಸಾಕಾ? ಮುಂದಿನ ಸಭೆ 9ನೇ ತಾರೀಖು ಇದೆ, ಅಷ್ಟರೊಳಗೆ ಶುರು ಮಾಡಬೇಕು ಅಂದುಕೊಂಡಿದ್ದೇನೆ.