ಹಡಗಿಳಿದ ಮೇಲೂ 'ಕ್ಯಾಪ್ಟನ್': ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಅಮೆರಿಕದ ಹಳೆಯ ತೈಲಚಿತ್ರಗಳ ಬಗ್ಗೆ ಕನ್ನಡದಲ್ಲಿ ಪುಟ್ಟ ಪರಿಚಯಗಳನ್ನು ಬರೆಯುತ್ತಿದ್ದೇನೆ. ಈಸ್ಟ್‌ಮನ್ ಜಾನ್ಸನ್ (1824–1906) ಬಿಡಿಸಿದ, ಒಂದು ಕಾಲಕ್ಕೆ ತಿಮಿಂಗಿಲ ಬೇಟೆಗೆ ಹೆಸರಾಗಿದ್ದ ನ್ಯಾಂಟಕೆಟ್ ದ್ವೀಪದ ಚಾರ್ಲ್ಸ್ ಮೈರಿಕ್ ಅನ್ನುವ ಮುದುಕರ ಭಾವಚಿತ್ರಕ್ಕೆ ಬಂದು ನಿಂತಿದ್ದೇನೆ. ಅವರು 'ಕ್ಯಾಪ್ಟನ್ ಮೈರಿಕ್' ಅಂತಲೇ ಹೆಸರಾದವರು. ಈ ಕ್ಯಾಪ್ಟನ್‌ಗೆ ಯಾವ ಪದ ಹಾಕಲಿ?

'ನಾಯಕ' ಅಂದರೆ ಕ್ರಿಕೆಟ್ ತಂಡ ಕಣ್ಣಿಗೆ ಕಟ್ಟುತ್ತದೆ. 'ನಾವಿಕ' ಹಡಗಿನಲ್ಲಿ ದುಡಿಯುವ ಯಾರಿಗಾದರೂ ಸಲ್ಲುತ್ತದೆ. ನನ್ನ ಮನಸ್ಸು 'ಕಪ್ತಾನ'ದ ಕಡೆಗಿದೆ. ಬಾಯಿಗೆ ಒಗ್ಗಿದ ಪದ, ಕೇಳಿದ ಕೂಡಲೇ ಕಡಲು ನೆನಪಾಗುತ್ತದೆ.

ತೊಡಕಿರುವುದು ವಯಸ್ಸಿನಲ್ಲಿ: ಚಿತ್ರದಲ್ಲಿರುವವರು ಹಡಗು ಬಿಟ್ಟ ಮೇಲಿನ ಕಪ್ತಾನರು. ಜಾನ್ಸನ್ ಆ ದ್ವೀಪಕ್ಕೆ ಹೋಗತೊಡಗಿದ್ದು 1870ರ ಸುಮಾರಿಗೆ. ನ್ಯಾಂಟಕೆಟ್‌ನ ಕೊನೆಯ ತಿಮಿಂಗಿಲ ಬೇಟೆ ಹಡಗು 1869ರಲ್ಲೇ ಹೊರಟುಹೋಗಿತ್ತು. ಬಂದರಿನ ಬಾಯಲ್ಲಿ ಮರಳು ತುಂಬಿ ದೊಡ್ಡ ಹಡಗು ಒಳಗೆ ಬರುವುದು ಕಷ್ಟವಾಗಿತ್ತು. 1846ರ ಬೆಂಕಿ ಪೇಟೆಯನ್ನು ಸುಟ್ಟಿತ್ತು. ಸೀಮೆಎಣ್ಣೆ ಬಂದ ಮೇಲಂತೂ ದೀಪಕ್ಕೆ ತಿಮಿಂಗಿಲದ ಎಣ್ಣೆ ಕೇಳುವವರು ಕಮ್ಮಿಯಾದರು. ಉಳಿದವರು ಕಡಲು ಕಂಡ ಮುದುಕರು. ಜಾನ್ಸನ್‌ನ 1887ರ ಒಂದು ಚಿತ್ರ ಬಾಲ್ಟಿಮೋರ್‌ನ ವಾಲ್ಟರ್ಸ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಬೂಟು ಹೊಲಿಯುವವನ ಅಂಗಡಿಯಲ್ಲಿ ಒಲೆಯ ಸುತ್ತ ಇಂಥವರೇ ಕೂತಿದ್ದಾರೆ. ಎಷ್ಟು ಮರ್ಯಾದೆಯಿಂದ ಬಿಡಿಸಿದ್ದಾನೆ ಅಂದರೆ, ಅವರನ್ನು ಸುಮ್ನೆ 'ಮುದುಕರು' ಅಂತ ಬರೆದು ಮುಗಿಸಲು ಮನಸ್ಸು ಬರುವುದಿಲ್ಲ.

'ನಿವೃತ್ತ ಕಪ್ತಾನ' ಅಂದರೆ ಪಿಂಚಣಿ ಕಚೇರಿಯ ಅರ್ಜಿ ಓದಿದ ಹಾಗಿದೆ. 'ಮಾಜಿ' ಇನ್ನೂ ಕೆಟ್ಟದು, ಯಾರೋ ಹುದ್ದೆಯಿಂದ ಇಳಿಸಿದರೇನೋ ಅನ್ನಿಸುತ್ತದೆ. ನಮ್ಮಲ್ಲೂ ಮೇಷ್ಟ್ರು ರಿಟೈರ್ ಆದ ಮೇಲೂ ಮೇಷ್ಟ್ರೇ ಅಲ್ವಾ? ಶಾನುಭೋಗಿಕೆ ಹೋದರೂ ಶಾನುಭೋಗರು ಶಾನುಭೋಗರಾಗಿಯೇ ಉಳಿದರು. ಪಟ್ಟ ಹೆಸರಿನ ಹಿಂದೆ ಬರುವುದು ಕನ್ನಡದ ರೂಢಿ, ರಾಮಪ್ಪ ಮೇಷ್ಟ್ರು ಅನ್ನುವಂತೆ. ಹಾಗಾಗಿ 'ಮೈರಿಕ್ ಕಪ್ತಾನರು' ಅಂತ ಬರೆಯೋಣ ಅಂದುಕೊಂಡಿದ್ದೇನೆ. ಕಿವಿಗೆ ಹೇಗೆ ಕೇಳಿಸುತ್ತದೆ, ಹೇಳಿ.

ಕರಾವಳಿಯವರಲ್ಲಿ ಇನ್ನೊಂದು ಮಾತು ಕೇಳಬೇಕು. ಮಲ್ಪೆ, ಕಾರವಾರದ ಕಡೆ ಮೀನುಗಾರಿಕೆ ಬೋಟು ನಡೆಸುವವರನ್ನು 'ತಾಂಡೇಲ' ಅನ್ನುತ್ತಾರೆ. ಮೂರು ನಾಲ್ಕು ವರ್ಷ ಪೆಸಿಫಿಕ್‌ನಲ್ಲಿ ತಿರುಗುತ್ತಿದ್ದ ಹಡಗುಗಳ ಯಜಮಾನರಿಗೂ ಆ ಪದ ಒಪ್ಪುತ್ತದೆಯೇ, ಇಲ್ಲ ಅದು ಬೋಟಿಗಷ್ಟೇ ಸಲ್ಲುವ ಮಾತೇ? ಕಡಲಿಗೆ ಹೋಗುವುದು ಬಿಟ್ಟ ಹಿರಿಯರನ್ನು ಊರಲ್ಲಿ ಈಗಲೂ 'ತಾಂಡೇಲ್ರೇ' ಅಂತ ಕರೆಯುತ್ತಾರಾ? ನಿಮ್ಮ ಮನೆಯಲ್ಲಿ, ಬಂದರಿನಲ್ಲಿ ಕೇಳಿದ ಬಳಕೆಯನ್ನೇ ಬರೆದು ತಿಳಿಸಿ.